ಇರುವೆಯ ಎಂಜಿನ್

ಅಕ್ಕ ಫೋನಿನಲ್ಲಿ ಬೈದದ್ದು ಇನ್ನೂ ಕಿವಿಯಲ್ಲೇ ಇತ್ತು. "ನಿನ್ನ ಬ್ರೌಸರ್‌ಗಿಷ್ಟು ಬೆಂಕಿ ಹಾಕ! ‘ಖಚಿತಪಡಿಸಿ’ ಅಂತ ಒತ್ತಿದ್ರೆ ಅಪ್ಪನ ಕಣ್ಣಿನ ಆಪರೇಷನ್ನೇ ರದ್ದಾಯ್ತು ಕಣೇ. ಇನ್ನು ಮುಂದಿನ ತಿಂಗಳಂತೆ!"

ಇರುವೆ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಆಫೀಸಿನ ಬಾಗಿಲು ದೂಡಿದಳು. ಅವಳಿಗೆ ಇರುವೆ ಅಂತ ಅಡ್ಡಹೆಸರಿಟ್ಟವನು ಒಳಗೇ ಕೂತಿದ್ದ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅದಕ್ಕೇ ಅವಳು ಅವನನ್ನು ಮೌನಿ ಎನ್ನುತ್ತಿದ್ದಳು.

ಇಬ್ಬರೂ ಸೇರಿ ಕಟ್ಟುತ್ತಿದ್ದುದು ಒಂದು ಪುಟಾಣಿ ಬ್ರೌಸರ್. ಮೇಲೆ ವಿಳಾಸ ಬರೆಯುವ ಜಾಗ, ಕೆಳಗೆ ಪುಟ, ಮುಗಿಯಿತು. ಹೊರಗಿನ ಅಂದಚೆಂದ ಅವನದು. ಕೋಡ್ ಓದಿ ಅದನ್ನು ಅಕ್ಷರ, ಚಿತ್ರ, ಬಟನ್‌ಗಳಾಗಿ ಜೋಡಿಸುವ ಒಳಗಿನ ಎಂಜಿನ್ ಅವಳದು. ಲೋಕವೆಲ್ಲ ಬಳಸುವ ದೊಡ್ಡ ಎಂಜಿನ್ ತರೋಣವೇ, ಇವಳು ಬರೆದದ್ದನ್ನೇ ಇಟ್ಟುಕೊಳ್ಳೋಣವೇ ಎಂಬ ಮಾತು ಎಷ್ಟೋ ದಿನದಿಂದ ಎಳೆದಾಡುತ್ತಿತ್ತು. ನಾಳೆ ಬ್ರೌಸರ್ ಊರಿನ ಲೈಬ್ರರಿಯ ಕಂಪ್ಯೂಟರ್‌ಗಳಿಗೆ ಹೋಗಬೇಕು. ಇವತ್ತು ತೀರ್ಮಾನ ಆಗಲೇಬೇಕಿತ್ತು.

"ಏನು ಇರುವೆ, ಯಾರನ್ನ ಕಚ್ಚೋಕೆ ಬಂದೆ?" ಅವನು ನಕ್ಕ.

ಬೇರೆ ದಿನವಾಗಿದ್ದರೆ ಆ ನಗುವಿಗೆ ಅವಳ ಕೆನ್ನೆ ಬಿಸಿಯಾಗುತ್ತಿತ್ತು. ಇವತ್ತು ಅವಳು ಅವನ ಕೀಬೋರ್ಡ್ ಎಳೆದುಕೊಂಡು ಆಸ್ಪತ್ರೆಯ ಪುಟ ತೆರೆದಳು. ‘ಖಚಿತಪಡಿಸಿ’, ‘ರದ್ದು’ ಬಟನ್‌ಗಳೆರಡೂ ದೂರ ದೂರ, ಅಚ್ಚುಕಟ್ಟಾಗಿ ನಿಂತಿದ್ದವು. ಆದರೆ ನಿನ್ನೆ ಅವಳು ತನ್ನ ಕೋಡ್‌ನಿಂದಲೇ ತಯಾರಿಸಿ ಅಕ್ಕನಿಗೆ ಕೊಟ್ಟ ಬ್ರೌಸರ್‌ನಲ್ಲಿ ‘ಖಚಿತಪಡಿಸಿ’ಯ ಮೇಲೆ ‘ರದ್ದು’ ಕಣ್ಣಿಗೆ ಕಾಣದಂತೆ ಹತ್ತಿ ಕೂತಿತ್ತು.

"ಇಲ್ಲಿ ಮಾತ್ರ ಹೇಗೆ ಸರಿ ಇದೆ?"

ಮೌನಿ ಅವಳನ್ನು ಬಿಟ್ಟು ಉಳಿದದ್ದೆಲ್ಲವನ್ನೂ ನೋಡಿದ. ಅವಳೇ ಹುಡುಕಿದಳು. ಅವನ ಕಂಪ್ಯೂಟರ್‌ನಲ್ಲಿ ಬೇರೆಯದೇ ಒಂದು ಫೋಲ್ಡರ್. ಅವರು ಪರೀಕ್ಷಿಸುತ್ತಿದ್ದ ಒಂದೊಂದು ಸೈಟಿಗೂ ಅದರಲ್ಲಿ ತಪ್ಪು ಮುಚ್ಚುವ ಕೋಡ್‌ನ ಒಂದೊಂದು ತೇಪೆ. ಅವಳ ಎಂಜಿನ್ ಎಡವಿದಲ್ಲೆಲ್ಲ ಇವನು ಗುಟ್ಟಾಗಿ ಕೈ ಹಿಡಿದಿದ್ದ.

"ಪಾಸಾಯ್ತು ಪಾಸಾಯ್ತು ಅಂತ ಕುಣೀತಿದ್ದೆನಲ್ಲ ನಾನು. ನೋಡಿ ಒಳಗೊಳಗೇ ನಗ್ತಿದ್ದೆಯಾ?"

"ಇಲ್ಲ." ಅವನ ದನಿ ಕುಗ್ಗಿತು. "ಆ ಖುಷಿ ನೋಡೋಕೇ ಇಷ್ಟೆಲ್ಲ ಮಾಡಿದ್ದು."

ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟು ದಿನ ಯಾವ ಪ್ರೀತಿಗಾಗಿ ಹಂಬಲಿಸಿದ್ದಳೋ ಅದು ಕೊನೆಗೆ ಇಂಥ ಸುಳ್ಳಿನ ವೇಷದಲ್ಲಿ ಸಿಗಬೇಕೇ?

"ನಮ್ಮಪ್ಪ ಇನ್ನೊಂದು ತಿಂಗಳು ಗೋಡೆ ತಡವಿಕೊಂಡು ಓಡಾಡ್ಬೇಕು. ನಿನ್ನ ಖುಷಿಗೆ."

"ಗೊತ್ತು. ತಪ್ಪು ನಂದೇ. ಮನೆಗೆ ಬಂದು ಅಪ್ಪನ ಎದುರೇ ಹೇಳ್ತೀನಿ."

ಅವಳು ಮತ್ತೆ ಪರದೆಯತ್ತ ತಿರುಗಿದಳು. ನಾಳೆ ಲೈಬ್ರರಿಯಲ್ಲಿ ಇನ್ಯಾರದೋ ಅಪ್ಪ, ಇನ್ಯಾರದೋ ಅಕ್ಕ ಇದೇ ಬಟನ್ ಒತ್ತುತ್ತಾರೆ. ಹೆತ್ತ ಕೂಸಿನ ಹಾಗೆ ಸಾಕಿದ ಎಂಜಿನ್. ಆದರೂ ಅದು ಇನ್ನೂ ನಡೆಯಲು ಕಲಿತಿಲ್ಲ.

"ದೊಡ್ಡ ಎಂಜಿನ್ನೇ ಹಾಕು," ಎಂದಳು.

ಅವನು ಹಾಕಲು ಶುರುಮಾಡಲಿಲ್ಲ. "ನಾಳೆ ಬರ್ತೀಯಾ?"

"ನನ್ನ ಎಂಜಿನ್ನೇ ಇಲ್ಲದ ಮೇಲೆ ಇಲ್ಲಿ ನಂಗೇನು ಕೆಲಸ?"

"ಏನೂ ಕೆಲಸ ಇಲ್ಲ," ಎಂದ ಮೌನಿ. "ಅದಕ್ಕೇ ಕೇಳ್ತಿದೀನಿ. ಈ ಮಾತಿಗೆ ಹೆದರಿಯೇ ಇಷ್ಟು ದಿನ ತೇಪೆ ಹಾಕಿದ್ದು. ಎಂಜಿನ್ ಹೋದ್ರೆ ನೀನೂ ಹೋಗ್ತೀಯ ಅಂತ."

ಅವಳು ಕಣ್ಣೊರೆಸಿಕೊಂಡು, ಬಂದಾಗಿನಿಂದ ಮೊದಲ ಸಲ ಅವನನ್ನು ನೇರವಾಗಿ ನೋಡಿದಳು. ಅವನೂ ಈ ಸಲ ಕಣ್ಣು ತಪ್ಪಿಸಲಿಲ್ಲ.

"ಇನ್ಮೇಲೆ ನನ್ನ ತಪ್ಪು ಮುಚ್ಚಿಡ್ಬೇಡ. ಮುಖದ ಮೇಲೇ ಹೇಳು."

"ಹೇಳಿದ್ರೆ ಮುನಿಸ್ಕೊಳ್ತೀಯ."

"ಮುನಿಸ್ಕೊಳ್ತೀನಿ," ಎಂದಳು ಇರುವೆ. "ಆದ್ರೂ ಬರ್ತೀನಿ."