ಕೇತರಸನ ಅರಮನೆಗೆ ಆಮೆ ಬಂದದ್ದು

ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟುವ ಮೊದಲು ಕಂಚುಗೋಡು ಎಂಬ ಒಂದು ರಾಜ್ಯವಿತ್ತು. ಅದನ್ನು ಕೇತರಸ ಎಂಬ ರಾಜ ಆಳುತ್ತಿದ್ದ. ತೀರಾ ಕೆಟ್ಟವನೇನಲ್ಲ, ಒಳ್ಳೆಯವನು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಅವನಿಗೊಂದು ಅಭ್ಯಾಸವಿತ್ತು. ಹೊಲಸು ಕೆಲಸ ಮಾಡಿಸುವಾಗಲೆಲ್ಲ ಕಣ್ಣು ಮುಚ್ಚಿಕೊಂಡು, "ಏನು ಬೇಕಾದರೂ ಮಾಡು, ನನಗೆ ಮಾತ್ರ ಹೇಳಬೇಡ" ಎನ್ನುತ್ತಿದ್ದ. ಗೊತ್ತಿಲ್ಲದ ಪಾಪ ತನಗೆ ಅಂಟುವುದಿಲ್ಲ ಎಂದು ನಂಬಿದ್ದ.

ಒಂದು ಬೇಸಿಗೆ ಅವನಿಗೆ ಅರಮನೆಯ ಕೊಳದಲ್ಲಿ ದೋಣಿಯಾಡುವ ಆಸೆ ಹುಟ್ಟಿತು. ಕೊಳ ತುಂಬಬೇಕಾದರೆ ದೊಡ್ಡಕೆರೆಯ ತೂಬು ಎತ್ತಬೇಕು. ತೂಬು ಕಾಯುತ್ತಿದ್ದ ನೀರುಗಂಟಿ ಮಾಚಯ್ಯ ಒಪ್ಪಲಿಲ್ಲ.

"ಬತ್ತ ತೆನೆ ಕಟ್ಟೋ ಹೊತ್ತು ಮಹಾಸ್ವಾಮಿ. ಈಗ ಒಂದು ಬೊಗಸೆ ನೀರೂ ಬಿಡಕ್ಕಾಗಲ್ಲ. ಮಳೆಗಾಲ ಬರಲಿ, ಬೇಕಾದಷ್ಟು ಆಡೀರಂತೆ" ಎಂದ, ಅದೂ ತುಂಬಿದ ಸಭೆಯಲ್ಲಿ.

ಯಾರೋ ಕಿಸಕ್ಕನೆ ನಕ್ಕರು. ಆ ನಗು ರಾಜನಿಗೆ ಮುಳ್ಳಿನಂತೆ ಚುಚ್ಚಿತು. ಅರಮನೆಯ ಮಾಟಗಾರ ಗುಮ್ಮಟಾಕ್ಷನನ್ನು ಕರೆಸಿ, ಕಣ್ಣು ಮುಚ್ಚಿಕೊಂಡು, "ಆ ಮಾಚಯ್ಯ ಮನುಷ್ಯನಾಗಿ ಉಳಿಯಬಾರದು. ಏನು ಬೇಕಾದರೂ ಮಾಡು, ನನಗೆ ಮಾತ್ರ ಹೇಳಬೇಡ" ಎಂದ. ಮರುದಿನ ಮಾಚಯ್ಯ ಕಾಣೆಯಾದ. ತೂಬು ಎತ್ತಿದರು, ಕೊಳ ತುಂಬಿತು, ದೋಣಿ ತೇಲಿತು.

ಮಾಚಯ್ಯನ ಹೆಂಡತಿ ಹೊನ್ನವ್ವ ಮೂರು ದಿನ ಗಂಡನನ್ನು ಹುಡುಕಿದಳು. ನಾಲ್ಕನೆಯ ದಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆರೆಯ ಏರಿಯ ಮೇಲಿದ್ದ ಕಲ್ಲಾಮೆಯ ಮುಂದೆ ನಿಂತು ದೂರು ಕೊಟ್ಟಳು.

ಕಂಚುಗೋಡಿನಲ್ಲಿ ತಪ್ಪಿತಸ್ಥರನ್ನು ಪತ್ತೆ ಹಚ್ಚುವುದು ಆ ಕಲ್ಲಾಮೆಯ ಕೆಲಸ. ದೂರು ಕಿವಿಗೆ ಬಿದ್ದರೆ ಎದ್ದು ನಡೆಯುತ್ತದೆ. ಯಾರನ್ನೂ ಏನೂ ಕೇಳುವುದಿಲ್ಲ, ಯಾರಿಗೂ ಏನೂ ಹೇಳುವುದಿಲ್ಲ. ದಿನಕ್ಕೆ ನೂರೇ ಹೆಜ್ಜೆ, ಆದರೆ ತಪ್ಪು ಮಾಡಿದವರ ಕಾಲು ಮುಟ್ಟುವ ತನಕ ಬಿಡುವುದಿಲ್ಲ. ದೂರು ಕೊಟ್ಟವರು ಜೊತೆಗೆ ನಡೆದು ಅದರ ಬೆನ್ನು ಒಣಗದಂತೆ ನೀರು ಹಾಕುತ್ತಿರಬೇಕು. ಮೊದಲ ಬೊಗಸೆಯನ್ನು ಮಾತ್ರ ರಾಜನೇ ಹಾಕಿ, "ಯಾರ ಬಾಗಿಲಿಗಾದರೂ ಹೋಗು" ಎಂದು ಅಪ್ಪಣೆ ಕೊಡಬೇಕು. ಅದು ಹಿರಿಯರು ಮಾಡಿಟ್ಟ ಕಟ್ಟಳೆ.

ಕೇತರಸ ಹೋಗಿ ಹಾಕಿದ. ಅರ್ಧ ನೀರು ಅವನ ಪಾದದ ಮೇಲೆಯೇ ಬಿತ್ತು.

ಅಂದಿನಿಂದ ಅವನ ತಲೆ ಅವನದಾಗಿ ಉಳಿಯಲಿಲ್ಲ. ಹತ್ತನೆಯ ದಿನ ಓಲೆಕಾರ ಬಂದು, "ಪ್ರಭು, ಆಮೆ ಬತ್ತದ ಬಯಲು ದಾಟಿತು" ಎಂದ. ಪಕ್ಕದಲ್ಲಿದ್ದ ಮಂತ್ರಿ ಬೊಪ್ಪಣ ತಾಂಬೂಲ ಮಡಿಸುತ್ತಾ, "ಬರಲಿ ಬಿಡಿ ಪ್ರಭು" ಎಂದ.

ಅಷ್ಟೇ ಎಂದದ್ದು. ರಾಜ ಆ ಮಾತನ್ನೇ ಹಿಡಿದುಕೊಂಡ. ಹೋಗಲಿ ಅನ್ನಬಹುದಿತ್ತಲ್ಲ, ಬರಲಿ ಅಂದನಲ್ಲ! ಆಮೆ ಇಲ್ಲಿಗೇ ಬರುತ್ತದೆಂದು ಇವನಿಗೆ ಹೇಗೆ ಗೊತ್ತು? ಅಥವಾ ಗೊತ್ತಿಲ್ಲದೆಯೇ ಅಂದನೋ? ಗೊತ್ತಿಲ್ಲದವನಂತೆ ತಾಂಬೂಲ ಮಡಿಸುತ್ತಿದ್ದನಲ್ಲ, ಅದಾದರೂ ಯಾಕೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಏನೂ ಅನ್ನದೆಯೇ ರಾಜ ಹೆಗಲು ಒರೆಸಿಕೊಳ್ಳುತ್ತಿದ್ದ. ಮಾಟಗಾರನನ್ನು ಕರೆಸಿದ. ಕಣ್ಣು ಮುಚ್ಚಿದ. ಸಂಜೆಯ ಹೊತ್ತಿಗೆ ಬೊಪ್ಪಣ ಇರಲಿಲ್ಲ.

"ಅರಮನೆಯ ಸಾಮಾನಿಗೆ ಇನ್ನೊಂದು ಸೇರಿತು ಪ್ರಭು" ಎಂದ ಗುಮ್ಮಟಾಕ್ಷ.

"ಹೇಳಬೇಡ ಎಂದೆನಲ್ಲ!" ಎಂದು ರಾಜ ಕಿವಿ ಮುಚ್ಚಿಕೊಂಡ. ಆದರೆ ಅಷ್ಟು ಮಾತು ಆಗಲೇ ಒಳಗೆ ಹೋಗಿಬಿಟ್ಟಿತ್ತು.

ಹಾಗಾದರೆ ಬೊಪ್ಪಣ ಇಲ್ಲೇ ಇದ್ದಾನೆ. ಯಾವುದು ಅವನು? ಆ ಪೀಕದಾನಿಯೇ? ಮೂಲೆಯ ನಗಾರಿ ಮೊದಲಿನಿಂದಲೂ ಇತ್ತೇ? ಗೋಡೆಗೆ ಕಿವಿ ಇರುತ್ತದೆ ಎಂದು ಜನ ಸುಮ್ಮನೆ ಗಾದೆ ಹೇಳುತ್ತಾರೆ; ಕೇತರಸನಿಗೆ ಒನಕೆಗೂ ಕಿವಿ ಕಂಡಿತು. ಮಣೆಯ ಮೇಲೆ ಕೂರುವ ಮೊದಲು ಅದನ್ನು ಬಗ್ಗಿ ನೋಡುತ್ತಿದ್ದ. ಊಟಕ್ಕೆ ಬೆಳ್ಳಿ ತಟ್ಟೆ ಬೇಡವೆಂದು ಆಗಷ್ಟೇ ಕೊಯ್ದ ಬಾಳೆಯೆಲೆ ತರಿಸಿದ.

ಇಪ್ಪತ್ತನೆಯ ದಿನ ಓಲೆಕಾರ ಬಂದು, "ಪ್ರಭು, ಆಮೆ ಹೊಳೆ ದಾಟಿತು. ರಾಣಿಯವರು ಕಳಿಸಿದ ಮಜ್ಜಿಗೆಯನ್ನು ಹೊನ್ನವ್ವ ಕುಡಿದಳು" ಎಂದ.

ರಾಣಿ ಚಂದಲೆಯ ಅಂತಃಪುರಕ್ಕೆ ರಾಜ ಓಡಿಹೋದ. "ಮಜ್ಜಿಗೆ ಯಾಕೆ ಕಳಿಸಿದೆ?"

"ಬಿಸಿಲಿಗೆ. ಪಾಪ, ಗಂಡನ್ನ ಕಳ್ಕೊಂಡು ಅಷ್ಟು ದೂರ ನಡೀತಿದಾಳೆ."

"ಕಳ್ಕೊಂಡಳು ಅಂತ ನಿನಗೆ ಯಾರು ಹೇಳಿದ್ದು?"

"ಊರೆಲ್ಲ ಹೇಳ್ತಿದೆ. ಮೈ ಯಾಕೆ ಹೀಗೆ ಬೆವರ್ತಿದೆ ನಿಮ್ಮದು? ಬನ್ನಿ ಇಲ್ಲಿ" ಎಂದು ಅವಳು ಅವನ ಹಣೆ ಮುಟ್ಟಿದಳು.

ಅವನು ಅವಳನ್ನು ಪ್ರೀತಿಸುತ್ತಿದ್ದ, ಅದು ಸುಳ್ಳಲ್ಲ. ಆದರೆ ಬೆವರು ನೋಡುವುದಕ್ಕೇ ಮುಟ್ಟಿದಳೇನೋ ಎಂಬ ಯೋಚನೆ ಬಂದದ್ದೂ ಸುಳ್ಳಲ್ಲ. ಮಾಟಗಾರನನ್ನು ಕರೆಸಿದ. ಕಣ್ಣು ಮುಚ್ಚಿದ. ಈ ಸಲ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಸಂಜೆ ಚಂದಲೆಯೂ ಇರಲಿಲ್ಲ. ಹೆಂಡತಿಯಿಲ್ಲದ ಮನೆಯಲ್ಲಿ ಅವನು ಪ್ರತಿಯೊಂದು ದೀಪವನ್ನೂ ಹತ್ತಿರ ಹೋಗಿ ನೋಡಿದ. ಯಾವ ದೀಪವೂ ಏನೂ ಹೇಳಲಿಲ್ಲ. ಸೌಟಾದೇವು, ಮೊರವಾದೇವು ಎಂದು ಹೆದರಿ ಆಳುಕಾಳುಗಳು ಗಂಟು ಕಟ್ಟಿಕೊಂಡು ಓಡಿಹೋದರು.

ಮೂವತ್ತನೆಯ ದಿನ ಆಮೆ ಪೇಟೆಬೀದಿಗೆ ಬಂತು. ಸುದ್ದಿ ಹೇಳಲು ಓಲೆಕಾರನೂ ಉಳಿದಿರಲಿಲ್ಲ. ಗುಮ್ಮಟಾಕ್ಷನೇ ಏದುಸಿರು ಬಿಡುತ್ತಾ ಬಂದ. ರಾಜ ಕತ್ತಿ ಹಿರಿದ.

"ಎಲ್ಲ ಗೊತ್ತಿರೋನು ನೀನೊಬ್ಬನೇ. ಆಮೆಗೆ ಹೇಳ್ತೀಯಾ?"

"ನಾನ್ಯಾಕೆ ಹೇಳಲಿ ಪ್ರಭು? ಅದು ನಿಮ್ಮ ಕಾಲು ಮುಟ್ಟಿದ ಮೇಲೆ ನನ್ನ ಕಾಲಿಗೇ ಬರೋದು. ನಾನೂ ಒಂದು ಸಾಮಾನಾಗಿಬಿಡ್ತೀನಿ. ಕಾಲಿದ್ರೆ ತಾನೆ ಮುಟ್ಟೋಕೆ?"

"ತಡಿಯೋ! ಇವರನ್ನೆಲ್ಲ ಮತ್ತೆ ಮನುಷ್ಯರು ಮಾಡೋದು ಹೇಗೆ?"

"ಯಾರು ಮಾಡಿಸಿದರೋ ಅವರೇ ಎದುರಿಗೆ ನಿಂತು, ಮಾಡಿಸಿದ್ದನ್ನ ಬಾಯಿಬಿಟ್ಟು ಹೇಳಬೇಕು. ಅದು ನಿಮ್ಮ ಕೈಲಿ ಆಗೋ ಕೆಲಸ ಅಲ್ಲ ಬಿಡಿ" ಎಂದು ಮಾಟಗಾರ ಗಹಗಹಿಸಿ ನಕ್ಕು, ಮಂತ್ರ ಹೇಳಿ, ಮಾಯವಾದ. ಸುತ್ತ ಎಲ್ಲ ಮೊದಲಿದ್ದಂತೆಯೇ ಇತ್ತು. ಏನು ಹೆಚ್ಚಾಯಿತೆಂದು ರಾಜನಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಆಮೆ ಅರಮನೆಯ ಮೆಟ್ಟಿಲು ಹತ್ತಿತು. ಕೇತರಸ ಒಂದು ಕಂಬದಿಂದ ಇನ್ನೊಂದು ಕಂಬದ ಹಿಂದೆ ಸರಿದ. ಅವನು ಸರಿದ ಕಡೆಗೆ ಅದೂ ತಿರುಗಿತು. ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಕೊನೆಗೆ ಒಂದು ಕಂಬಕ್ಕೆ ಒರಗಿ ಕೂತ. ಆಮೆ ಬಂದು ಅವನ ಹೆಬ್ಬೆರಳಿನ ಮೇಲೆ ತನ್ನ ತಣ್ಣನೆಯ ತಲೆಯಿಟ್ಟು, ಕಣ್ಣು ಮುಚ್ಚಿತು.

ಹೊನ್ನವ್ವ ತಂಬಿಗೆ ಕೆಳಗಿಟ್ಟಳು. ಅವಳ ಹಿಮ್ಮಡಿ ಒಡೆದು ರಕ್ತ ಬಂದಿತ್ತು. "ನನ್ನ ಗಂಡ ಎಲ್ಲಿ?"

"ಗೊತ್ತಿಲ್ಲ."

"ಮಾಡಿಸಿದೋರು ನೀವು. ಗೊತ್ತಿಲ್ಲ ಅಂದ್ರೆ?"

"ಗೊತ್ತಾಗಬಾರದು ಅಂತಲೇ ಹಾಗೆ ಮಾಡಿಸಿದ್ದು ಕಣಮ್ಮಾ" ಎಂದು ರಾಜ ಗಳಗಳನೆ ಅತ್ತ. "ಯಾವುದು ಮಾಚಯ್ಯ, ಯಾವುದು ಚಂದಲೆ, ಯಾವುದು ಬರೀ ಮಡಕೆ, ಒಂದೂ ತಿಳೀತಿಲ್ಲ ನಂಗೆ."

"ಹಾಗಾದ್ರೆ ಎಲ್ಲದಕ್ಕೂ ಹೇಳಿ" ಎಂದಳು ಹೊನ್ನವ್ವ. "ನಾನು ಕೆರೆಯಿಂದ ಇಲ್ಲಿವರೆಗೆ ಬಂದಿದೀನಿ. ಕಾಯ್ತೀನಿ."

ರಾಜ ಎದ್ದ. ಪೊರಕೆಯ ಎದುರು ನಿಂತು, "ನಿನ್ನನ್ನ ಹೀಗೆ ಮಾಡಿಸಿದ್ದು ನಾನು" ಎಂದ. ಪೊರಕೆ ಪೊರಕೆಯಾಗಿಯೇ ಇತ್ತು. ಒರಳಿಗೆ ಹೇಳಿದ, ಜರಡಿಗೆ ಹೇಳಿದ, ಉಪ್ಪಿನಕಾಯಿ ಜಾಡಿಗೆ ಹೇಳಿದ. ನಗಾರಿಗೆ ಹೇಳಿದಾಗ ಒಳಗಿಂದ ಸೀನು ಕೇಳಿಸಿ, ಮಂತ್ರಿ ಬೊಪ್ಪಣ ಸೊಂಟ ಹಿಡಿದುಕೊಂಡು ಎದ್ದು ಬಂದ. ಗೋಡೆಯ ಕಡೆ ಮುಖ ತಿರುಗಿಸಿಟ್ಟಿದ್ದ ಕನ್ನಡಿಗೆ ಹೇಳಿದಾಗ ಚಂದಲೆ ಬಂದಳು. ಅವಳು ಗಂಡನನ್ನು ದಿಟ್ಟಿಸಿ ನೋಡಿದಳು. ಅದರಿಂದ ಅವನಿಗೆ ಬೈಗುಳಕ್ಕಿಂತ ಹೆಚ್ಚು ನೋವಾಯಿತು.

ಮಧ್ಯಾಹ್ನದ ಹೊತ್ತಿಗೆ ಅರಮನೆಯ ಸಾಮಾನೆಲ್ಲ ಮುಗಿಯಿತು. ಮಾಚಯ್ಯ ಸಿಗಲಿಲ್ಲ. ಹೊನ್ನವ್ವನ ಮುಖ ನೋಡಲಾರದೆ ರಾಜ ತಲೆ ತಗ್ಗಿಸಿದ. ಆಗ ಚಂದಲೆ ಮೊದಲ ಸಲ ಬಾಯಿ ತೆರೆದಳು.

"ನಿಮ್ಮ ಕಿರೀಟದಲ್ಲಿ ಈ ಹಸಿರು ಕಲ್ಲು ಯಾವಾಗ ಕೂರಿಸಿದ್ರಿ?"

ರಾಜ ಕೂರಿಸಿರಲಿಲ್ಲ. ತನ್ನ ತಲೆಯ ಮೇಲಿದ್ದದ್ದು ಅವನಿಗೆ ಕಾಣುವುದಾದರೂ ಹೇಗೆ? ಎದುರಿಗೆ ನಿಂತು ಹೇಳಬೇಕೆಂದರೆ ಅದನ್ನು ಇಳಿಸಿ ಕೆಳಗಿಡಬೇಕು. ಅವನ ಕೈ ಕಿರೀಟದವರೆಗೆ ಹೋಗಿ ನಿಂತಿತು.

"ಪ್ರಭು," ಬೊಪ್ಪಣ ಮೆಲ್ಲಗೆ ಹೇಳಿದ, "ರಾಜ ತನ್ನ ಕೈಯಾರೆ ಕಿರೀಟ ನೆಲಕ್ಕಿಟ್ಟರೆ ರಾಜ್ಯ ಬಿಟ್ಟ ಹಾಗೆ. ಅದು ಕಟ್ಟಳೆ."

ಕೇತರಸ ಬಾಗಿಲ ಕಡೆ ನೋಡಿದ, ಸಿಂಹಾಸನದ ಕಡೆ ನೋಡಿದ, ಕೊನೆಗೆ ಹೊನ್ನವ್ವನ ಒಡೆದ ಹಿಮ್ಮಡಿಯನ್ನು ನೋಡಿದ. ಕಿರೀಟ ತೆಗೆದು ನೆಲದ ಮೇಲಿಟ್ಟ. ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು. ಮುಚ್ಚಲಿಲ್ಲ.

"ಮಾಚಯ್ಯ, ನೀನು ಹೇಳಿದ್ದು ಸರಿಯಾಗಿತ್ತು. ಸಭೇಲಿ ನಕ್ಕರಲ್ಲ, ಅದನ್ನ ತಡಕೊಳ್ಳೋಕಾಗಲಿಲ್ಲ ನಂಗೆ. ನಿನ್ನನ್ನ ಹೀಗೆ ಮಾಡಿಸಿದ್ದು ನಾನು. ಮಂತ್ರ ಹೇಳಿದೋನು ಅವನು, ಮಾಡಿಸಿದೋನು ನಾನೇ."

ಹಸಿರು ಕಲ್ಲು ಟಪ್ಪೆಂದು ಸಿಡಿದು ಮಾಚಯ್ಯ ಎದ್ದು ನಿಂತ. ಸುತ್ತ ನೋಡಿ, "ತೂಬು ಮುಚ್ಚಿದೀರೇನ್ರೋ ಯಾರಾದ್ರೂ?" ಎಂದ. ಹೊನ್ನವ್ವ ಅಳುತ್ತಲೇ ನಕ್ಕು, ಗಂಡನ ಬೆನ್ನಿಗೆ ಎರಡು ಗುದ್ದು ಕೊಟ್ಟಳು.

ಚಂದಲೆ ಪಟ್ಟಕ್ಕೆ ಬಂದು ಚೆನ್ನಾಗಿ ಆಳಿದಳು. ಗುಮ್ಮಟಾಕ್ಷನನ್ನು ಸಾಮಾನು ಮಾಡಿಸಿದವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವನನ್ನು ಬಿಡಿಸುವವರೂ ಸಿಗಲಿಲ್ಲ. ಆ ಅರಮನೆಯಲ್ಲಿ ಯಾವುದೋ ಒಂದು ಸಾಮಾನು ಇವತ್ತಿಗೂ ಅವನೇ. ಯಾವುದು ಎಂದು ನನ್ನನ್ನು ಕೇಳಬೇಡಿ.

ಕೇತರಸನಿಗೆ ಮಾಚಯ್ಯನ ಕೈಕೆಳಗೆ ನೀರು ಕಟ್ಟುವ ಶಿಕ್ಷೆಯಾಯಿತು. ಬತ್ತ ಮತ್ತೆ ತೆನೆ ಕಟ್ಟುವ ಹೊತ್ತಿಗೆ ಒಂದು ದಿನ ಅವನು ಮೈಮರೆತು ತೂಬನ್ನು ಒಂದು ಗೇಣು ಹೆಚ್ಚಿಗೆ ಎತ್ತಿಬಿಟ್ಟ. ನೀರು ದಾರಿಗೆ ಹರಿಯಿತು.

"ಯಾವನೋ ಇಷ್ಟು ಎತ್ತಿದೋನು?" ಎಂದು ಏರಿಯ ಮೇಲಿಂದ ಮಾಚಯ್ಯ ಕೂಗಿದ.

ಕೇತರಸ ಅತ್ತ ಇತ್ತ ನೋಡಿದ. "ನಾನೇ" ಎಂದ.

ಆಕಾಶ ಬೀಳಬಹುದೆಂದು ಕಾದ. ಬೀಳಲಿಲ್ಲ.

"ಹಾಗಾದ್ರೆ ಇಳಿಸು ಹೋಗು" ಎಂದು ಮಾಚಯ್ಯ ತನ್ನ ದಾರಿ ಹಿಡಿದ. ಕೇತರಸ ತೂಬು ಇಳಿಸಿ, ಏರಿಯ ಮೇಲೆ ಅಲ್ಲೇ ಮಲಗಿ ಕಣ್ಣು ಮುಚ್ಚಿದ. ಎಷ್ಟೋ ತಿಂಗಳ ಮೇಲೆ ಅವತ್ತು ಅವನಿಗೆ ನಿದ್ದೆ ಬಂತು. ಅವರೆಲ್ಲ ಅಲ್ಲಿ ಸುಖವಾಗಿದ್ದರು. ಕತೆ ಕೇಳಿದ ನೀವೂ ಸುಖವಾಗಿರಿ.