ಗುರುವಾರದ ಅಪ್‌ಡೇಟ್

"ಈ ಹಸಿರು ಬಟನ್ ಎತ್ತಿ ಆ ಮೂಲಿಗೆ ಇಟ್ಟ ಪುಣ್ಯಾತ್ಮ ಯಾರ್ರಿ? ಮೊದಲ ಅವರನ್ನ ಮುಂದ ಕರೀರಿ!"

ಮರಾಠಿ ನಾಡಿನ ಕೋಥರೂಡದ ಆ ಸಭಾಂಗಣದಲ್ಲಿ ಕೂತಿದ್ದ ಅರವತ್ತು ಜನ ಶಿಕ್ಷಕರು ಒಮ್ಮೆಲೇ ಹಿಂತಿರುಗಿ ನೋಡಿದರು. ಅಷ್ಟು ಹೊತ್ತು ನಯವಾಗಿ ಮರಾಠಿಯಲ್ಲಿ ಪ್ರಶ್ನೆ ಕೇಳುತ್ತಿದ್ದ ರೇಣು, ಸಿಟ್ಟು ನೆತ್ತಿಗೇರಿದ ಗಳಿಗೆಯಲ್ಲಿ ಧಾರವಾಡದ ಕನ್ನಡಕ್ಕೆ ಇಳಿದುಬಿಟ್ಟಿದ್ದಳು. ಸಿಟ್ಟಿಗೆ ಪರಭಾಷೆ ಎಲ್ಲಿ ಸಾಲುತ್ತದೆ ಹೇಳಿ?

ಅಯ್ಯೋ... ಯಾರಿಗೂ ಅರ್ಥವಾಗಿರಲಿಕ್ಕಿಲ್ಲ ಬಿಡು ಎಂದುಕೊಂಡು ಅವಳು ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ವೇದಿಕೆಯ ಮೇಲಿಂದ ಉತ್ತರ ಬಂತು.

"ನಾನೇ ರೀ ಆ ಪುಣ್ಯಾತ್ಮ. ನಿಮ್ಮ ಮುಂದೇ ನಿಂತೇನಿ. ಬೈಯೋದಿದ್ರ ಬೈರಿ."

ಕನ್ನಡ! ಅದೂ ಬೆಳಗಾವಿ ಕಡೆಯ ಕನ್ನಡ! ರೇಣುವಿನ ಮುಖ ಕೆಂಪೇರಿತು. ಮೈಕ್ ಹಿಡಿದು ನಿಂತಿದ್ದವನು ನಗುತ್ತಿರಲಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ತಲೆ ತುಸು ಬಾಗಿಸಿ ಅವಳನ್ನೇ ನೋಡುತ್ತಿದ್ದ.

ಅವನ ಹೆಸರು ಬಸವಲಿಂಗ. ಪ್ರೇಮಕಥೆಯ ನಾಯಕನಿಗೆ ಇಂಥ ಹೆಸರೇ ಅಂತ ಮೂಗು ಮುರಿಯಬೇಡಿ. ಹೆಸರಿನಲ್ಲೇನಿದೆ, ಮನುಷ್ಯ ಬಂಗಾರ.

'ಭಿಂಗರಿ' ಎಂಬುದು ಅವನ ಕಂಪನಿ ನಡೆಸುವ, ಮಕ್ಕಳಿಗೆ ಕೋಡಿಂಗ್ ಕಲಿಸುವ ವೆಬ್‌ಸೈಟ್. ಬಣ್ಣದ ತುಂಡುಗಳನ್ನು ಎಳೆದು ಒಂದಕ್ಕೊಂದು ಜೋಡಿಸಿದರೆ ಪರದೆಯ ಮೇಲಿನ ಗಿಳಿ ಹಾರುತ್ತದೆ, ಹಾಡುತ್ತದೆ, ಲೆಕ್ಕ ಮಾಡುತ್ತದೆ. ತನ್ನ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಆರು ವರ್ಷಗಳಿಂದ ರೇಣು ಪ್ರತಿ ಶನಿವಾರ ಹದಿನೆಂಟು ಮಕ್ಕಳಿಗೆ ಇದನ್ನೇ ಕಲಿಸುತ್ತಿದ್ದಳು. ಯಾವ ತುಂಡು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಜೂನ್ ತಿಂಗಳ ಒಂದು ಬೆಳಿಗ್ಗೆ ತೆರೆದು ನೋಡಿದರೆ ಎಲ್ಲಾ ಅದಲುಬದಲು! ಬಣ್ಣ ಬೇರೆ, ಜಾಗ ಬೇರೆ, ಹೆಸರೂ ಬೇರೆ. ಮಕ್ಕಳ ಮುಂದೆ ಅವಳ ಕೈ ಪರದೆಯ ಮೇಲೆ ತಡಕಾಡಿತು. ಆ ಅವಮಾನವೇ ಸಭೆಯಲ್ಲಿ ಸಿಡಿದದ್ದು.

ಸಭೆ ಮುಗಿದ ಮೇಲೆ ಅವನೇ ಹುಡುಕಿಕೊಂಡು ಬಂದ.

"ಮೇಡಂ, ಆಫೀಸಿನ್ಯಾಗ ಕುಂತು ಮಾಡಿದ ಕೆಲಸ ಅದು. ಮಕ್ಕಳ ಕೈ ಎಲ್ಲಿ ಹೋಗ್ತದ ಅಂತ ನಾ ಕಣ್ಣಾರೆ ನೋಡಿಲ್ಲ. ನಿಮ್ಮ ಕ್ಲಾಸಿಗೆ ಬಂದು ಕೂಡ್ಲೇನ್ರಿ?"

"ನೋಡಾಕ ಬರ್ತೀರೋ, ನನಗ ಪಾಠ ಹೇಳಾಕ ಬರ್ತೀರೋ?"

"ಬೈಸಿಕೊಳ್ಳಾಕ ಬರ್ತೀನ್ರಿ."

ರೇಣುಗೆ ನಗು ತಡೆಯಲಾಗಲಿಲ್ಲ.

ಹಾಗೆ ಶುರುವಾದವು ಆ ಶನಿವಾರಗಳು.

ಮಕ್ಕಳಿಗೇನು, ಎರಡೇ ವಾರದಲ್ಲಿ ಹೊಸದಕ್ಕೆ ಒಗ್ಗಿಕೊಂಡರು. ಒಗ್ಗದೆ ಉಳಿದವಳು ಟೀಚರ್ ಒಬ್ಬಳೇ! ಬಸವಲಿಂಗ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಲ್ಲವನ್ನೂ ನೋಡಿ ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುತ್ತಿದ್ದ. ಕ್ಲಾಸು ಮುಗಿದ ಮೇಲೆ ರೇಣುವಿನ ಪಕ್ಕ ಕೂತು, ಅವಳ ಬೆರಳು ಹಳೆಯ ಜಾಗಕ್ಕೇ ಹೋದಾಗೆಲ್ಲ ಸುಮ್ಮನೆ ಕಾಯುತ್ತಿದ್ದ. ಒಂದು ದಿನವೂ ಅವಸರ ಮಾಡಲಿಲ್ಲ.

ಅವಳ ತಾಯಿ ರುದ್ರವ್ವ ಮೇಲಿನ ಮನೆಯಿಂದ ರೊಟ್ಟಿ, ಶೇಂಗಾ ಚಟ್ನಿ ಕಳಿಸತೊಡಗಿದರು. ಮೊದಲು ಎರಡು ರೊಟ್ಟಿ ಬರುತ್ತಿದ್ದವು. ಆಮೇಲೆ ಆರು! ತಾಯಂದಿರ ಲೆಕ್ಕವೇ ಬೇರೆ.

ಶುಕ್ರವಾರ ರಾತ್ರಿಯೇ ರೇಣು ಕಪಾಟಿನ ಮುಂದೆ. ಯಾವ ಸೀರೆ ಉಡಲಿ? ಛೇ, ನನಗೇಕೆ ಇದೆಲ್ಲ... ಅನ್ನುತ್ತಲೇ ಇಳಕಲ್ ಸೀರೆ ತೆಗೆದಿಡುತ್ತಿದ್ದಳು.

ದಸರಾ ಹತ್ತಿರ ಬಂದಾಗ ಒಂದು ಸಂಜೆ, ಮಕ್ಕಳೆಲ್ಲ ಹೋದ ಮೇಲೆ, ಯಾರಿಗೂ ಹೇಳದಿದ್ದ ಮಾತು ಅವಳ ಬಾಯಿಂದ ಬಂತು.

"ಏಳು ವರ್ಷದ ಹಿಂದ ನನ್ನ ಮದವಿ ನಿಶ್ಚಯ ಆಗಿ ಮುರೀತ್ರಿ. ಅವರಿಗೆ ಬ್ಯಾರೆ ಚಲೋ ಸಂಬಂಧ ಸಿಕ್ತು. ಆವಾಗಿನಿಂದ ಹೊಸಾದು ಅಂದ್ರ ಅಂಜಿಕಿ. ಎಲ್ಲಾರೂ ಮುಂದ ಹೋಗಿ ನಾ ಒಬ್ಬಾಕಿ ಹಿಂದ ಉಳೀತೀನೇನೋ ಅಂತ..."

ಅವನು ಲ್ಯಾಪ್‌ಟಾಪ್ ಮುಚ್ಚಿ ಅವಳ ಕಡೆ ತಿರುಗಿದ.

"ನಿಮ್ಮನ್ನ ಬಿಟ್ಟು ಮುಂದ ಹೋಗೂದು ನನ್ನ ಕೈಲಂತೂ ಆಗೂದಿಲ್ರಿ," ಅಂದ.

ಅವತ್ತು ರೇಣುಗೆ ನಿದ್ದೆ ಬರಲಿಲ್ಲ. ಕತ್ತಲಲ್ಲಿ ಒಬ್ಬಳೇ ನಕ್ಕಳು, ಒಬ್ಬಳೇ ಅತ್ತಳು.

ಆದರೆ ಹಾಲು ಉಕ್ಕುವ ಹೊತ್ತಿಗೇ ಹುಳಿ ಬೀಳಬೇಕೆ?

ದಸರಾ ಮುಗಿದ ವಾರ ಭಿಂಗರಿ ಕಂಪನಿಯವರು ಶಿಕ್ಷಕರನ್ನು ಆಫೀಸಿಗೆ ಕರೆದರು. ರೇಣು ಹೂ ಮುಡಿದು ಹೋದಳು. ಬಸವಲಿಂಗ ಇನ್ನೂ ಮೀಟಿಂಗಿನಲ್ಲಿದ್ದ. ಒಳಗಿನ ಗೋಡೆಯ ಮೇಲೆ ದೊಡ್ಡದೊಂದು ಪೋಸ್ಟರ್ ಇತ್ತು. ಥೇಟ್ ರೇಣುವಿನ ಹಾಗೆ ಕನ್ನಡಕ ಹಾಕಿ ಇಳಕಲ್ ಸೀರೆ ಉಟ್ಟ ಹೆಂಗಸಿನ ಚಿತ್ರ.

ಇಂಥ ಕಂಪನಿಗಳಲ್ಲಿ ಅದೊಂದು ಪದ್ಧತಿ. ತಮ್ಮ ವೆಬ್‌ಸೈಟ್ ಬಳಸುವವರು ಹೇಗಿರುತ್ತಾರೆ ಅಂತ ಎಲ್ಲರಿಗೂ ನೆನಪಿರಲಿ ಎಂದು, ಒಬ್ಬ ಕಲ್ಪಿತ ಮನುಷ್ಯನ ಚಿತ್ರ ಬರೆದು, ಹೆಸರಿಟ್ಟು, ಗೋಡೆಗೆ ಅಂಟಿಸುತ್ತಾರೆ.

ರೇಣು ಹತ್ತಿರ ಹೋಗಿ ಓದಿದಳು.

'ಮೀನಾ ಟೀಚರ್. ವಯಸ್ಸು ಮೂವತ್ಮೂರು. ಮದುವೆ ಆಗಿಲ್ಲ, ನಿಶ್ಚಯವಾಗಿ ಮುರಿದಿದೆ. ಹೊಸದೆಂದರೆ ಅಂಜಿಕೆ. ಎಲ್ಲರೂ ಮುಂದೆ ಹೋಗಿ ತಾನೊಬ್ಬಳೇ ಹಿಂದೆ ಉಳಿಯುತ್ತೇನೆಂಬ ಭಯ.'

ಅವಳು ಇನ್ನೊಮ್ಮೆ ಓದಿದಳು. ತಾನೇ ಆಡಿದ ಮಾತು!

ಅಷ್ಟರಲ್ಲಿ ಕಂಪನಿಯ ಹುಡುಗಿಯೊಬ್ಬಳು ಅವಳನ್ನು ನೋಡಿ ಖುಷಿಯಿಂದ ಚಪ್ಪಾಳೆ ತಟ್ಟಿದಳು. "ಅರೇ! ಹ್ಯಾ ತರ್ ಆಪಲ್ಯಾ ಮೀನಾ ಟೀಚರ್!"

ನಮ್ಮ ಮೀನಾ ಟೀಚರ್ ಬಂದರು! ಸುತ್ತಲಿದ್ದವರೆಲ್ಲ ನಕ್ಕರು. ಅವರ ನಗುವಿನಲ್ಲಿ ಕೆಡುಕಿರಲಿಲ್ಲ, ನಿಜ. ಆದರೆ ಸುಟ್ಟ ಜಾಗಕ್ಕೆ ಬೆಚ್ಚಗಿನ ನೀರೂ ಬೆಂಕಿಯೇ.

ಬಸವಲಿಂಗ ಓಡಿ ಬಂದ. ಪೋಸ್ಟರ್ ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಇದನ್ನ ಬರದವರು ಯಾರ್ರಿ?" ರೇಣು ಪೋಸ್ಟರಿನತ್ತ ಬೆರಳು ಮಾಡಿದಳು.

"ಈ ಮಾತು... ನಾನೇ ಬರದಿಟ್ಟಿದ್ದೆ. ಆದ್ರ..."

"ಅಂದ್ರ ಶನಿವಾರ ಶನಿವಾರ ಬರ್ತಿದ್ದದ್ದು ಇದಕ್ಕ?"

"ರೇಣು ಅವರ, ಒಂದು ಮಾತು ಕೇಳ್ರಿ..."

"ಇನ್ನ ಬರಬ್ಯಾಡ್ರಿ. ಎಂದೂ ಬರಬ್ಯಾಡ್ರಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಮೆಟ್ಟಿಲಿಳಿದು ಬಂದುಬಿಟ್ಟಳು.

ಆ ಶನಿವಾರ ಅವನು ಬರಲಿಲ್ಲ. ಮರುವಾರವೂ ಇಲ್ಲ. ಬರಬೇಡ ಅಂದವಳೇ ಪ್ರತಿ ಸಲ ಕ್ಲಬ್‌ಹೌಸಿನ ಬಾಗಿಲು ಸದ್ದಾದಾಗ ತಿರುಗಿ ನೋಡುತ್ತಿದ್ದಳು. ಹೆಣ್ಣಿನ ಸಿಟ್ಟಿಗೂ ಆಸೆಗೂ ಎಷ್ಟು ಹತ್ತಿರದ ನೆಂಟಸ್ತನ ನೋಡಿ!

ರುದ್ರವ್ವ ಆರು ರೊಟ್ಟಿ ಕಳಿಸುವುದನ್ನು ನಿಲ್ಲಿಸಲಿಲ್ಲ. ಉಳಿದ ನಾಲ್ಕನ್ನು ರೇಣು ಮನೆಗೆ ಒಯ್ಯುತ್ತಿದ್ದಳು.

ಅವನು ಬರಲಿಲ್ಲ. ಆದರೆ ಗುರುವಾರ ಬಂತು.

ಭಿಂಗರಿಯಲ್ಲಿ ಸಣ್ಣಪುಟ್ಟ ಬದಲಾವಣೆಗಳು ಬರುವುದು ಗುರುವಾರ ಬೆಳಿಗ್ಗೆ. ಆ ಗುರುವಾರ ರೇಣು ತೆರೆದು ನೋಡಿದರೆ, ಹಸಿರು ಬಟನ್ ಮಕ್ಕಳ ಕೈಗೆ ಎಟುಕುವ ಹಳೆಯ ಜಾಗಕ್ಕೆ ಮರಳಿತ್ತು.

ಮುಂದಿನ ಗುರುವಾರ ಅಕ್ಷರಗಳು ದೊಡ್ಡವಾದವು. "ಹಿಂದ ಕೂತವರಿಗೆ ಕಾಣಂಗಿಲ್ರಿ" ಅಂತ ಅವಳು ಹೇಳಿದ್ದು ಆಗಸ್ಟಿನಲ್ಲಿ.

ಅದರ ಮುಂದಿನ ಗುರುವಾರ, ಓದಲು ಬಾರದ ಚಿಕ್ಕ ಮಕ್ಕಳಿಗಾಗಿ ಪ್ರತಿ ತುಂಡೂ ತನ್ನ ಹೆಸರನ್ನು ತಾನೇ ಹೇಳತೊಡಗಿತು. ಆ ಮಾತನ್ನು ಅವಳು ರೊಟ್ಟಿ ತಿನ್ನುತ್ತಾ ಸುಮ್ಮನೆ ಆಡಿದ್ದಳು. ಅವಳಿಗೇ ಮರೆತುಹೋಗಿತ್ತು!

'ಒಂದೂ ಬಿಟ್ಟಿಲ್ಲ ಇಂವ... ನಾ ಆಡಿದ್ದು ಒಂದೂ ಬಿಟ್ಟಿಲ್ಲ...'

ಏಳನೆಯ ಗುರುವಾರ ಬಂದದ್ದು ಮಕ್ಕಳಿಗಾಗಿ ಅಲ್ಲ. ಅಭ್ಯಾಸಬಲದಿಂದ ಅವಳ ಬೆರಳು ಒಂದು ತುಂಡಿನ ಹಳೆಯ ಜಾಗಕ್ಕೆ ಹೋಯಿತು. ಗಿಳಿ ಹಾರಿ ಬಂದು, 'ಅವಸರವಿಲ್ಲ ಟೀಚರ್, ನಾನು ತೋರಿಸ್ತೀನಿ' ಎಂದು ಹೊಸ ಜಾಗದ ಮೇಲೆ ಹೋಗಿ ಕೂತು ಕಾದಿತು.

ರೇಣು ಲ್ಯಾಪ್‌ಟಾಪ್ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು.

ಎಂಟನೆಯ ಗುರುವಾರ ಏನೂ ಬರಲಿಲ್ಲ.

ಮಧ್ಯಾಹ್ನದವರೆಗೆ ಕಾದಳು. ಸಂಜೆಯವರೆಗೆ ಕಾದಳು. ಶುಕ್ರವಾರ ತಡೆಯಲಾರದೆ ಕಂಪನಿಗೆ ಫೋನ್ ಮಾಡಿದಳು. ಎತ್ತಿಕೊಂಡವಳು ಅಂದು ಚಪ್ಪಾಳೆ ತಟ್ಟಿದ ಹುಡುಗಿ. ಮರಾಠಿಯಲ್ಲಿ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು.

"ಅಕ್ಕಾ, ಆ ಪೋಸ್ಟರ್ ಮಾಡಿದ್ದು ನಾನು. ಅವನು ಎಲ್ಲವನ್ನೂ ಒಂದೇ ಫೈಲಿನಲ್ಲಿ ಬರೆದಿಡ್ತಾನೆ. ಆ ಫೈಲ್ ನಮ್ಮ ತಂಡದವರಿಗೆಲ್ಲ ಕಾಣ್ತದೆ ಅಂತ ಅವನಿಗೆ ನೆನಪೇ ಇರಲಿಲ್ಲ. ಅದು ನಿಮ್ಮ ಖಾಸಗಿ ಮಾತು ಅಂತ ನನಗೆ ಗೊತ್ತಾಗಲಿಲ್ಲ. ಅವತ್ತೇ ಅದನ್ನು ಹರಿದು ಹಾಕಿದ. ನನ್ನ ಹೆಸರು ಮಾತ್ರ ಎಲ್ಲೂ ಹೇಳಲಿಲ್ಲ."

"ಈಗ ಎಲ್ಲಿದ್ದಾರೆ ಅವರು?"

"ಭಿಂಗರಿ ಕೆಲಸ ಮುಗೀತು, ಬೇರೆ ತಂಡಕ್ಕೆ ಹಾಕಿದ್ದಾರೆ. ಭಾನುವಾರ ತನ್ನ ತಾಯಿಯನ್ನು ಜೇಜುರಿಯ ಗುಡ್ಡದ ಗುಡಿಗೆ ಕರ್ಕೊಂಡು ಹೋಗ್ತಾನೆ. ಜೇಜುರಿಗೆ ಬಂದಾಗ ಒಬ್ಬಳನ್ನು ತೋರಿಸ್ತೀನಿ ಅಂತ ದಸರಾಕ್ಕೆ ಮೊದಲೇ ತಾಯಿಗೆ ಹೇಳಿದ್ದನಂತೆ. ಪಾಪ, ಆಕೆ ಸೊಸೆಗೆ ಅಂತ ಸೀರೆ ತಗೊಂಡು ಬರ್ತಿದ್ದಾರೆ. ಇಲ್ಲ ಅಂತ ಹೇಳೋ ಧೈರ್ಯ ಅವನಿಗೆ ಇನ್ನೂ ಬಂದಿಲ್ಲ..."

ರೇಣು ಫೋನ್ ಇಟ್ಟು ಇಳಕಲ್ ಸೀರೆ ಹೊರಗೆ ತೆಗೆದಳು.

ಭಾನುವಾರ ನಸುಕಿನಲ್ಲೇ ಎದ್ದು ಸೀರೆ ಉಟ್ಟ ಮಗಳನ್ನು ರುದ್ರವ್ವ ಬಾಗಿಲಲ್ಲಿ ತಡೆದರು.

"ಇಷ್ಟು ಲಗೂ ಎಲ್ಲಿಗೆ ಹೊಂಟಿ?"

"ಜೇಜುರಿಗೆ."

"ದೇವರ ಹತ್ರ ಏನು ಬೇಡ್ಕೊಳ್ಳಾಕ?"

"ಬೇಡ್ಕೊಳ್ಳಾಕಲ್ಲವ್ವ. ಒಬ್ಬರಿಗೆ ಬರಬ್ಯಾಡ್ರಿ ಅಂದಿದ್ದೆ... ಈಗ ನಾನೇ ಹೊಂಟೇನಿ."

ರುದ್ರವ್ವ ಕಣ್ಣೊರೆಸಿಕೊಂಡರು. "ಹೋಗವ್ವಾ, ಹೋಗು. ಎರಡು ತಿಂಗಳಿಂದ ನಾಕು ರೊಟ್ಟಿ ಯಾರ ಸಲುವಾಗಿ ಬಡದೇನಿ ಅಂತ ತಿಳದಿ?"

ಬಸ್ಸಿನ ತುಂಬ ಜನ. ಕಿಟಕಿಗೆ ಹಣೆ ಹಚ್ಚಿ ಕೂತ ರೇಣುವಿನ ತಲೆಯಲ್ಲಿ ಒಂದೇ ಯೋಚನೆ. ತಡವಾಗಿದ್ದರೆ? ಆಗಲೇ ತಾಯಿಗೆ ಹೇಳಿಬಿಟ್ಟಿದ್ದರೆ? ತನ್ನ ಮುಖ ನೋಡಿ ಅವನೇ ಹೋಗು ಅಂದರೆ? ಅರ್ಧ ದಾರಿಯಲ್ಲಿ ಇಳಿದುಬಿಡಲೇ ಅನ್ನಿಸಿತು. ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದು ಕೂತಳು.

"ಯಳಕೋಟ ಯಳಕೋಟ ಜಯ ಮಲ್ಹಾರ!"

ಭಕ್ತರ ಘೋಷ ಮುಗಿಲು ಮುಟ್ಟಿತ್ತು. ಜೇಜುರಿಯ ಮೆಟ್ಟಿಲುಗಳೆಲ್ಲ ಅವರು ತೂರುವ ಭಂಡಾರದ ಅರಿಶಿನದಿಂದ ಹಳದಿ. ಜನರ ತಲೆ ಹಳದಿ, ಹೆಗಲು ಹಳದಿ. ಏದುಸಿರು ಬಿಡುತ್ತಾ ಹತ್ತಿದವಳಿಗೆ ಅರ್ಧದಲ್ಲೇ ಅವನು ಕಂಡ. ವಯಸ್ಸಾದ ಹೆಂಗಸೊಬ್ಬರು ಮೆಟ್ಟಿಲ ಮೇಲೆ ಕೂತಿದ್ದರು. ಅವನು ಕೆಳಗೆ ಕುಕ್ಕರಗಾಲಲ್ಲಿ ಕೂತು ಅವರ ಮೊಣಕಾಲು ಒತ್ತುತ್ತಿದ್ದ. ಎಷ್ಟು ಸೊರಗಿದ್ದಾನೆ!

"ಬಸವಲಿಂಗ ಅವರ..."

ಅವನು ತಲೆಯೆತ್ತಿದ. ನಂಬಿಕೆಯಾಗದೆ ಮೆಲ್ಲಗೆ ಎದ್ದು ನಿಂತ.

"ನೀವು... ಇಲ್ಲಿ?"

"ಬರಬ್ಯಾಡ್ರಿ ಅಂತ ನಿಮಗ ಹೇಳಿದ್ದೆ. ನಾ ಬರಬಾರದು ಅಂತ ಎಲ್ಲಿ ಹೇಳಿದ್ದೆ?"

ಅವನ ಕಣ್ಣು ತುಂಬಿ ಬಂತು. "ತಪ್ಪು ನಂದು ರೀ. ನಿಮ್ಮ ಮಾತು ಒಂದೂ ಕಳೀಬಾರದು ಅಂತ ಎಲ್ಲಾ ಬರದಿಡೋ ಚಟ ಬಿದ್ದಿತ್ತು. ಆ ಮಾತನ್ನ ಎದಿಯೊಳಗ ಇಟ್ಟುಕೋಬೇಕಿತ್ತು. ಫೈಲಿನ್ಯಾಗ ಇಟ್ಟೆ."

"ಬರದದ್ದು ಖರೇನ ಇತ್ತು. ಅದಕ್ಕೇ ಅಷ್ಟು ಸಿಟ್ಟು ಬಂತು." ರೇಣು ಕಣ್ಣೀರ ನಡುವೆ ನಕ್ಕಳು. "ಈಗೂ ಅಂಜಿಕಿ ಅದ ರೀ. ಬಸ್ಸಿನ್ಯಾಗ ಎಷ್ಟು ಸಲ ಇಳೀಬೇಕು ಅನ್ನಿಸ್ತು ಗೊತ್ತೇನು? ಆದ್ರ ನೀವು ಬಾರದ ಶನಿವಾರ ಅದಕ್ಕಿಂತ ಭಾಳ ಕೆಟ್ಟ ರೀ... ಭಾಳ ಕೆಟ್ಟ."

ಅಷ್ಟು ಹೊತ್ತು ಇಬ್ಬರನ್ನೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ ಅವನ ತಾಯಿ ಪಾರವ್ವ, ಮಡಿಲಲ್ಲಿದ್ದ ಸೀರೆಯ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡರು.

"ಬಸೂ... ನೀ ಹೇಳಿದಾಕಿ ಇಕಿನ ಏನೋ?"

ಅವನು ಉತ್ತರ ಕೊಡುವ ಹಕ್ಕು ತನ್ನದಲ್ಲ ಎಂಬಂತೆ ರೇಣುವಿನ ಮುಖವನ್ನೇ ನೋಡಿದ. ಅವಸರ ಮಾಡಲಿಲ್ಲ. ಕಾದ.

ರೇಣು ಬಗ್ಗಿ ಪಾರವ್ವನ ಪಾದ ಮುಟ್ಟಿದಳು.

"ಹೌದ್ರಿ ಅತ್ತಿ. ನಾನೇ."

ಪಾರವ್ವ ಅವಳ ಗದ್ದ ಹಿಡಿದೆತ್ತಿ, ಹಣೆಗೆ ಹಿಡಿ ಭಂಡಾರ ಬಳಿದುಬಿಟ್ಟರು. ಕನ್ನಡಕದ ಮೇಲೆಲ್ಲ ಹಳದಿ! "ಇಷ್ಟು ತಡಾ ಮಾಡಿದ್ಯೆಲ್ಲವ್ವ ತಾಯಿ! ಇನ್ನ ನೀವಿಬ್ಬರೂ ಮುಂದ ನಡೀರಿ. ನನ್ನ ಮೊಣಕಾಲು ನಿಧಾನ ಬರ್ತಾವ."

ಇಬ್ಬರೂ ಹತ್ತತೊಡಗಿದರು. ಪಕ್ಕದಲ್ಲೇ, ಅಲ್ಲಿಯ ಪದ್ಧತಿಯಂತೆ, ಹೊಸ ಮದುಮಗನೊಬ್ಬ ಹೆಂಡತಿಯನ್ನು ಎತ್ತಿಕೊಂಡು, ನೆಂಟರ ನಗೆಯ ನಡುವೆ ಉಸ್ಸಪ್ಪಾ ಎಂದು ಮೆಟ್ಟಿಲು ಹತ್ತುತ್ತಿದ್ದ.

"ಮದವಿ ಆದ ಮ್ಯಾಲ ನಾನೂ ಹಂಗ ಎತ್ಕೊಂಡು ಹತ್ತಬೇಕಂತ್ರಿ. ಐದು ಮೆಟ್ಟಿಲಾದ್ರೂ."

"ಅದು ಆಮ್ಯಾಲಿನ ಮಾತು. ಇವತ್ತ ಕೈ ಹಿಡಕೊಂಡ್ರ ಸಾಕು."

ಅವನು ಕೈ ಚಾಚಿದ. ಅವಳು ಹಿಡಿದುಕೊಂಡಳು.

"ಬಿಡೂದಿಲ್ಲಲ್ಲ?" ಮೆಲ್ಲಗೆ ಕೇಳಿದಳು.

"ನೀವೇ ಬಿಡು ಅಂದ್ರ?"

"ಅನ್ನೂದಿಲ್ಲ," ಅಂದಳು ರೇಣು. "ಇನ್ನ ಎಂದೂ ಅನ್ನೂದಿಲ್ಲ."