ಮಾರ್ಕೆಟ್ ಯಾರ್ಡಿನ ಎರಡು ಕೆಂಪು ಚುಕ್ಕೆ

ಅಂಗೈಯಗಲದ ಫ್ಲಾಪಿಯೊಂದು ಕಾಣೆಯಾಗುವುದು ಸಾಮ್ರಾಜ್ಯವೊಂದು ಪತನವಾದಷ್ಟೇ ಗಂಭೀರ ಸಂಗತಿ. ೨೦೦೩ರ ಖಂಡೆನವಮಿಯಂದು, ಅಂದರೆ ಆಯುಧಪೂಜೆಯ ದಿನ, ಪುಣೆಯ ಮಾರ್ಕೆಟ್ ಯಾರ್ಡಿನ ಮಲಕಪ್ಪನವರ ಮೆಣಸಿನಕಾಯಿ ಅಂಗಡಿಯಲ್ಲಿ ಅಂಥದೊಂದು ಪತನವಾಯಿತು. ಯಾರ್ಡಿನವರ ತಂಟೆಗಳನ್ನು ಬಿಡಿಸುವ ಸಂಕಪ್ಪನವರ ಮನೆಗೆ ಸುದ್ದಿ ತಂದವಳು ಅಲ್ಲಿಯ ಕಂಪ್ಯೂಟರ್ ನೋಡಿಕೊಳ್ಳುವ ನೀಲಿಮಾ.

"ಸಂಕಪ್ಪಕಾಕಾ, ಹಳೇ ವಿಂಡೋಸ್ ಕೆಡಿಸಬ್ಯಾಡ ಅಂದಿದ್ರು ಸಾಹುಕಾರ್ರು. ಅದಕ್ಕ ಲಿನಕ್ಸ್ ಶುರು ಮಾಡೋ ಬೂಟ್‌ಲೋಡರ್ ಫ್ಲಾಪಿಯೊಳಗ ಇಟ್ಟಿದ್ದೆ. ಮುಂಜಾನೆ ಪೂಜಾ ಆದಮ್ಯಾಲೆ ನೋಡಿದ್ರ ಫ್ಲಾಪಿ ಇಲ್ಲ, ಇನ್ನೊಂದು ಮಾಡಿಕೊಳ್ಳೋ ಸಿಡಿನೂ ಇಲ್ಲ. ವಿಂಡೋಸ್ ಬರ್ತದ, ಆದ್ರ ಇಂಟರ್‌ನೆಟ್ ಅದರಾಗೂ ಬರವಲ್ದು. ಯಂತ್ರಾ ಕೆಡಿಸಿಟ್ಟಿ, ಕೆಲಸಾ ಬಿಡು ಅಂದಾರ."

"ಹಬ್ಬದ ದಿನಾನೂ ಮಲಗಾಕ ಬಿಡೂದಿಲ್ಲ ಈ ಊರು," ಎಂದು ಸಂಕಪ್ಪ ಚಪ್ಪಲಿ ಹುಡುಕಿದರು. ಅವರ ಬಾಡಿಗೆದಾರನಾದ ನಾನು ಟಾರ್ಚ್ ಹಿಡಿದು ಹಿಂಬಾಲಿಸಿದೆ. ಬಾಡಿಗೆಯ ಕರಾರಿನಲ್ಲಿ ಇದು ಇರಲಿಲ್ಲ.

ಅಂಗಡಿಯ ಮಣೆಯ ಮೇಲೆ ತಕ್ಕಡಿ, ಪುಸ್ತಕ, ಪೆನ್ನುಗಳು ರೇಷ್ಮೆ ಬಟ್ಟೆ ಹೊದ್ದು ಕುಳಿತಿದ್ದವು. ಪಕ್ಕದಲ್ಲಿ ಮಲಕಪ್ಪನವರ ತಾಯಿ ಸಾವಂತ್ರವ್ವ ಕಾವಲು. "ಮುಟ್ಟಬ್ಯಾಡ್ರಿ. ನಾಳೆ ಬನ್ನಿ ಕೊಡೂತನಕಾ ಸರಸ್ವತಿ ಕುಂತಿರತಾಳ." ರಜೆ ಇಲ್ಲದ್ದು ಕಂಪ್ಯೂಟರಿಗೆ ಮಾತ್ರ, ಬ್ಯಾಡಗಿ ಪೇಟೆಯ ಮೆಣಸಿನಕಾಯಿ ಧಾರಣೆ ಬರುತ್ತಿದ್ದುದು ಅದರಲ್ಲೇ.

ಮಲಕಪ್ಪನವರು ಗುಮಾಸ್ತ ಮಾಂತುವಿನತ್ತ ಬೆರಳು ತೋರಿಸಿದರು. "ಇಲ್ಲಾ ಆಕಿ ಕೆಡಿಸ್ಯಾಳ, ಇಲ್ಲಾ ಇವ ಕದ್ದಾನ. ಲಿನಕ್ಸ್ ಅಂದ್ರ ಇವಗ ಆಗೂದಿಲ್ರಿ."

"ಆಗೂದಿಲ್ಲ, ಖರೇ," ಎಂದ ಮಾಂತು. "ಆದ್ರ ನಾ ವೈರ್ ಬಿಚ್ಚಿ ಧೂಳಾ ಒರಸಿ, ತೂತಿಗೊಂದು ಕುಂಕುಮಾ ಇಟ್ಟು, ಇದ್ದಂಗಽ ಹಾಕೀನ್ರಿ."

ಸಂಕಪ್ಪ ನರಳುತ್ತ ಮೊಣಕಾಲೂರಿದರು. ಯಂತ್ರದ ಬೆನ್ನಿಗೆ ಎರಡು ನೆಟ್‌ವರ್ಕ್ ಕಾರ್ಡು: ಒಂದು ಇಂಟರ್‌ನೆಟ್ ತರುವ ಹೊರಗಿನ ವೈರಿಗೆ, ಇನ್ನೊಂದು ಅಂಗಡಿಯೊಳಗಿನದಕ್ಕೆ. ಎರಡರ ಮೇಲೂ ಕೆಂಪು ಚುಕ್ಕೆ. ಅವರು ಎರಡನ್ನೂ ಬೆರಳಿನಿಂದ ಉಜ್ಜಿದರು. ಒಂದು ಅಳಿಸಿತು, ಒಂದು ಅಳಿಸಲಿಲ್ಲ.

"ಎಲ್ಲಾರೂ ಕುಂದರ್ರಿ," ಎಂದರು. ಮೆಣಸಿನಕಾಯಿ ಚೀಲಗಳ ಮೇಲೆ ಕುಳಿತು ಎಲ್ಲರೂ ಸೀನಿದೆವು.

"ಅಳಿಸದ ಚುಕ್ಕಿ ನೀಲಿಮಾನ ನೇಲ್ ಪಾಲಿಶ್. ಹೊರಗಿನ ವೈರು ಇಲ್ಲಿ ಅಂತ ಗುರುತು. ಹೌದಿಲ್ಲೋ?"

ನೀಲಿಮಾ ತಲೆಯಾಡಿಸಿದಳು.

"ಮಾಂತು ಎರಡಕ್ಕೂ ಕುಂಕುಮ ಇಟ್ಟ. ಗುರುತು ಹೋತು, ವೈರು ಅದಲುಬದಲಾತು." ಸಂಕಪ್ಪ ವೈರು ಬದಲಿಸಿದರು. ಇಂಟರ್‌ನೆಟ್ ಬಂತು. "ಇನ್ನ ಫ್ಲಾಪಿ. ಲಿನಕ್ಸ್ ಮ್ಯಾಲೆ ಸಿಟ್ಟಿದ್ದವ ಡಿಸ್ಕಿನಾಗಿಂದನಽ ಅಳಿಸತಿದ್ದ. ಲಿನಕ್ಸ್ ಡಿಸ್ಕಿನಾಗ ಹಂಗಽ ಅದ ಅಂತ ಹುಡುಗಿ ದಾರ್ಯಾಗಽ ಹೇಳ್ಯಾಳ. ಹೋದದ್ದು ಫ್ಲಾಪಿ, ಸಿಡಿ, ಏನೇನೋ ಬರದಿಟ್ಟ ಎರಡು ಸಾಮಾನು ಅಷ್ಟ. ಖಂಡೆನವಮಿ ದಿನಾ ಬರದಿಟ್ಟ ಸಾಮಾನೆಲ್ಲಾ ಎಲ್ಲಿ ಹೋಗ್ತಾವ್ರಿ?"

ಎಲ್ಲರೂ ಮಣೆಯತ್ತ ತಿರುಗಿದೆವು.

"ನಾನಽ ಇಟ್ಟೀನಿ," ಎಂದರು ಸಾವಂತ್ರವ್ವ. "ಯಂತ್ರದ ವಿದ್ಯಾ ಎಲ್ಲಾ ಇದರಾಗ ಅದ ಅಜ್ಜಿ ಅಂತ ಈ ಹುಡುಗೀನಽ ಅಂದಿದ್ಲು. ಕಂಪ್ಯೂಟರ್ ಯಾರು ಕೆಡಿಸಿದ್ರಿ ಅಂತ ಒದರಿದ್ರಿ. ಪೂಜಾದಾಗ ಏನಿಟ್ಟಿ ಅಂತ ಯಾರರ ಕೇಳಿದ್ರ್ಯಾ?"

ಮಲಕಪ್ಪನವರು ಬಟ್ಟೆಗೆ ಕೈ ಹಾಕಿದರು. ಮುದುಕಿ ಆ ಕೈಗೆ ಒಂದು ಬಿಟ್ಟಳು. "ನಾಳೆ. ಆ ಹುಡುಗಿಗೆ ಬೈದದ್ದನ್ನ ಇವತ್ತಽ ಹಿಂದಕ್ಕ ತಗೋ."

ಮರುದಿನ ಬನ್ನಿ ಹಂಚಿದ ಮೇಲೆ ಫ್ಲಾಪಿ, ಸಿಡಿ ಹೊರಬಂದವು. ಲಿನಕ್ಸ್ ಶುರುವಾಯಿತು. ನೀಲಿಮಾ ಕೆಲಸದಲ್ಲಿ ಉಳಿದಳು.